ದುಡಿಮೆಯ ಉಡುಪು, ಮನೆಯ ಉಡುಪು

ಜಿನಾಲಯದಲ್ಲಿ ಅಭಿಷೇಕಕ್ಕೆ ನಿಲ್ಲುವ ಶ್ರಾವಕನು ಮಿಂದು, ಒಗೆದು ಒಣಗಿಸಿದ ಧೋತ್ರ ಉತ್ತರೀಯಗಳನ್ನು ಧರಿಸುತ್ತಾನೆ. ಅಂಗಡಿಯಲ್ಲಿ ಉಟ್ಟ ಬಟ್ಟೆಯಲ್ಲಿ ಅವನು ಪೂಜೆಗೆ ನಿಲ್ಲುವುದಿಲ್ಲ. ಪೂಜೆಯ ವಸ್ತ್ರವನ್ನುಟ್ಟು ಅಂಗಡಿಗೆ ಹೋಗುವುದೂ ಇಲ್ಲ. ಕಾರ್ಯಕ್ಕೆ ತಕ್ಕಂತೆ ಉಡುಪನ್ನು ಬೇರ್ಪಡಿಸುವ ವಿವೇಕ ಜೈನ ಮನೆತನಗಳಿಗೆ ಹೊಸತಲ್ಲ. ಆದರೆ ದುಡಿಮೆಯ ಉಡುಪನ್ನು ಮನೆಯ ಉಡುಪಿನಿಂದ ಬೇರೆ ಇಡಬೇಕೆಂಬ ವಿಚಾರಕ್ಕೆ ಇನ್ನೊಂದು ಇತಿಹಾಸವಿದೆ. ಅದರಲ್ಲಿ ಶುಚಿತ್ವದ ಪ್ರಶ್ನೆಗಿಂತ ಅಹಿಂಸೆಯ ಪ್ರಶ್ನೆಯೇ ದೊಡ್ಡದು. ಆ ಇತಿಹಾಸದ ಹಲವು ಮುಖ್ಯ ಘಟನೆಗಳು ಇಂಗ್ಲೆಂಡಿನಲ್ಲಿ ನಡೆದವು. ಯಂತ್ರೋದ್ಯಮವು ಮೊದಲು ಬೆಳೆದ ನಾಡಿನಲ್ಲಿ ಅದರ ಧೂಳೂ ಮೊದಲು ಮನೆಗಳನ್ನು ಹೊಕ್ಕಿತು.

ಮಸಿ ಮತ್ತು ಸೀಸ

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು, ಹೊಗೆಗೂಡು ಗುಡಿಸುವವರಲ್ಲಿ ಕಾಣಿಸಿಕೊಳ್ಳುತ್ತಿದ್ದ ಒಂದು ಬಗೆಯ ಕ್ಯಾನ್ಸರಿಗೆ ಮೈಗೆ ಅಂಟಿ ಉಳಿಯುವ ಮಸಿಯೇ ಕಾರಣವೆಂದು ಬರೆದರು. ಎಳೆಯ ಬಾಲಕರನ್ನು ಇಕ್ಕಟ್ಟಾದ ಹೊಗೆಗೂಡುಗಳೊಳಗೆ ಹತ್ತಿಸುತ್ತಿದ್ದ ಕಾಲವದು. ಹಗಲು ಮಸಿ ತುಂಬಿದ ಚೀಲವನ್ನೇ ಆ ಮಕ್ಕಳು ರಾತ್ರಿ ಹೊದ್ದು ಮಲಗುತ್ತಿದ್ದುದುಂಟು.

ಒಂದು ಶತಮಾನಕ್ಕೂ ಮಿಗಿಲಾದ ಕಾಲ ಕಳೆದ ಮೇಲೆ, 1892ರಲ್ಲಿ, ಹೆನ್ರಿ ಬಟ್ಲಿನ್ ಎಂಬ ವೈದ್ಯರು ಜರ್ಮನಿ ಮೊದಲಾದ ದೇಶಗಳಲ್ಲಿ ಅದೇ ಕಸುಬಿನವರಿಗೆ ಈ ರೋಗ ಅಪರೂಪವೇಕೆಂದು ವಿಚಾರಿಸಿದರು. ಅಲ್ಲಿನವರು ಮಸಿ ಒಳಸೇರದಂತೆ ಮೈಯನ್ನು ಬಿಗಿಯಾಗಿ ಮುಚ್ಚುವ ಉಡುಪನ್ನು ಕೆಲಸಕ್ಕೆ ಧರಿಸುತ್ತಿದ್ದರು. ನಿತ್ಯವೂ ಮೈ ತೊಳೆಯುತ್ತಿದ್ದರು. ಕಸುಬು ಒಂದೇ, ಮಸಿಯೂ ಒಂದೇ. ಉಡುಪಿನ ಶಿಸ್ತು ಮಾತ್ರ ಬೇರೆಯಾಗಿತ್ತು.

ಇದೇ ಅವಧಿಯಲ್ಲಿ ಬಣ್ಣಕ್ಕೆ ಬಳಸುವ ಬಿಳಿ ಸೀಸದ ಕಾರ್ಖಾನೆಗಳೂ ಚರ್ಚೆಗೆ ಬಂದವು. 1883ರ ಬ್ರಿಟಿಷ್ ಕಾನೂನು ಅಂಥ ಕಾರ್ಖಾನೆಗಳ ಒಡೆಯರು ಕೆಲಸಗಾರರಿಗೆ ಮೇಲುಡುಪು, ತಲೆವಸ್ತ್ರ, ಕೈಕಾಲು ತೊಳೆಯುವ ಸ್ಥಳ ಮತ್ತು ಊಟಕ್ಕೆ ಬೇರೆ ಕೋಣೆಯನ್ನು ಒದಗಿಸಬೇಕೆಂದು ವಿಧಿಸಿತು. ದುಡಿಮೆಯ ಉಡುಪು ಒಡೆಯನ ಹೊಣೆಯೆಂಬ ತತ್ತ್ವ ಹೀಗೆ ಕಾನೂನಿನ ಮಾತಿನಲ್ಲಿ ಕಾಣಿಸಿಕೊಂಡಿತು.

ಗಣಿಬಾಯಿಯ ಎರಡು ಕಪಾಟುಗಳು

ಈ ತತ್ತ್ವವು ಪೂರ್ಣರೂಪ ತಳೆದದ್ದು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ. ಅಲ್ಲಿನ ಗಣಿಗಾರನು ದುಡಿದ ಬಟ್ಟೆಯಲ್ಲಿಯೇ, ಬೆವರು ಮತ್ತು ಇದ್ದಲ ಪುಡಿಯೊಡನೆ, ಮನೆಗೆ ಮರಳುತ್ತಿದ್ದನು. ಒಲೆಯ ಮುಂದೆ ತಗಡಿನ ತೊಟ್ಟಿಯನ್ನಿಟ್ಟು, ಕಾದ ನೀರಿನ ಪಾತ್ರೆಗಳನ್ನು ಮನೆಯಾಕೆಯೇ ಎತ್ತಿ ಸುರಿಯಬೇಕಾಗಿತ್ತು. ಗಂಡನೂ ಗಂಡುಮಕ್ಕಳೂ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಮನೆಯಲ್ಲಿ ಈ ಕೆಲಸಕ್ಕೆ ಹಗಲಿರುಳೆಂಬ ಭೇದವಿರಲಿಲ್ಲ. ಒದ್ದೆಯಾದ ಗಣಿಯ ಬಟ್ಟೆಗಳು ಅಡುಗೆ ಬೇಯುವ ಒಲೆಯ ಬಳಿಯೇ ಒಣಗುತ್ತಿದ್ದವು.

1911ರ ಗಣಿ ಕಾನೂನು ಗಣಿಬಾಯಿಯಲ್ಲಿ ಸ್ನಾನಗೃಹ ಕಟ್ಟಲು ದಾರಿ ತೆರೆಯಿತು. ಆದರೆ ಕೆಲಸಗಾರರಲ್ಲಿ ಮೂರನೆಯ ಎರಡು ಪಾಲಿನವರು ಮತ ಕೊಡಬೇಕು, ನಿರ್ವಹಣೆಯ ವೆಚ್ಚ ತಲೆಗೆ ವಾರಕ್ಕೆ 3 ಪೆನ್ನಿ ಮೀರಬಾರದು, ಅದರ ಅರ್ಧವನ್ನು ಕೆಲಸಗಾರರೇ ಭರಿಸಬೇಕು ಎಂಬ ನಿಬಂಧನೆಗಳಿದ್ದವು. ಗಣಿಗಾರರಲ್ಲಿಯೂ ಅನೇಕರು ಹಿಂಜರಿದರು. ದಿನವೂ ಬೆನ್ನು ತೊಳೆದರೆ ಅದರ ಬಲ ಕುಂದುವುದೆಂಬ ನಂಬಿಕೆ ಕೆಲವರದು. ಪರರೆದುರು ಬೆತ್ತಲಾಗುವ ಸಂಕೋಚ ಇನ್ನು ಕೆಲವರದು. ಆದರೂ 1913ರಲ್ಲಿ ಆಥರ್ಟನ್ನಿನ ಗಿಬ್‌ಫೀಲ್ಡ್ ಗಣಿಯಲ್ಲಿ ಇಂಥ ಸ್ನಾನಗೃಹ ತೆರೆಯಿತು.

ಗಂಡಸರ ಹಿಂಜರಿಕೆಗೆ ಉತ್ತರ ಕೊಟ್ಟವರು ಹೆಂಗಸರು. 1919ರಲ್ಲಿ ಸ್ಯಾಂಕಿ ಆಯೋಗದ ಮುಂದೆ ವೇಲ್ಸಿನ ಎಲಿಜಬೆತ್ ಆಂಡ್ರೂಸ್ ಮೊದಲಾದವರು ಗಣಿಗಾರರ ಮಡದಿಯರ ಪರವಾಗಿ ಸಾಕ್ಷ್ಯ ನುಡಿದರು. ಭಾರ ಎತ್ತಿ ಬಸುರಿಯರು ಅನುಭವಿಸುವ ಹಾನಿಯನ್ನೂ ಕುದಿವ ನೀರಿನಿಂದ ಮಕ್ಕಳಿಗೆ ಒದಗುವ ಅನಾಹುತವನ್ನೂ ಆಂಡ್ರೂಸ್ ವಿವರಿಸಿದರು. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ, ಇದ್ದಲನ್ನು ಅಗೆಯುವ ವೆಚ್ಚದ ಒಂದು ಭಾಗ ಗಣಿಯ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಅದನ್ನು ಹೆಂಗಸರ ಖಾತೆಗೆ ಬರೆಯಲಾಗಿತ್ತು.

1920ರಲ್ಲಿ ಅಗೆದ ಟನ್ನಿಗೆ ಒಂದು ಪೆನ್ನಿಯಂತೆ ಗಣಿಗಾರರ ಕಲ್ಯಾಣನಿಧಿ ಏರ್ಪಟ್ಟಿತು. 1926ರ ಕಾನೂನು ಭೂಮಾಲೀಕರು ಪಡೆಯುವ ರಾಯಧನದ ಮೇಲೆ ಕರ ಹಾಕಿ ಆ ಹಣವನ್ನು ಸ್ನಾನಗೃಹಗಳಿಗೆ ಮೀಸಲಿಟ್ಟಿತು. ಹೀಗೆ ಕಟ್ಟಿದ ಗೃಹಗಳ ವ್ಯವಸ್ಥೆ ಗಮನಾರ್ಹವಾದುದು. ಪ್ರತಿಯೊಬ್ಬನಿಗೂ ಎರಡು ಕಪಾಟುಗಳು: ಒಂದು ಶುಚಿಯ ಕಡೆ, ಇನ್ನೊಂದು ಕೊಳೆಯ ಕಡೆ, ನಡುವೆ ಸ್ನಾನದ ಸಾಲು. ಬರುವಾಗ ಮನೆಯ ಬಟ್ಟೆಯನ್ನು ಮೊದಲ ಕಪಾಟಿನಲ್ಲಿ ಕಳಚಿಟ್ಟು, ಎರಡನೆಯದರಿಂದ ಗಣಿಯ ಬಟ್ಟೆಯನ್ನು ತೊಡಬೇಕು. ಹೋಗುವಾಗ ಗಣಿಯ ಬಟ್ಟೆಯನ್ನು ಬಿಟ್ಟು, ಮಿಂದು, ಮನೆಯ ಬಟ್ಟೆಯನ್ನು ಉಡಬೇಕು. ಬಿಸಿಗಾಳಿ ಹಾಯುವ ಕಪಾಟಿನಲ್ಲಿ ಒದ್ದೆ ಬಟ್ಟೆ ಮರುದಿನಕ್ಕೆ ಒಣಗಿರುತ್ತಿತ್ತು.

ಒಗೆಯುವವಳ ಎದೆ

ಇದ್ದಲ ಪುಡಿ ಕಣ್ಣಿಗೆ ಕಾಣುತ್ತದೆ. ಕಾಣದ ಧೂಳಿನ ಪಾಠ ಇನ್ನೂ ಕಠೋರವಾದುದು. 1965ರಲ್ಲಿ ಲಂಡನ್ನಿನ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಎಂಬ ಸಂಶೋಧಕಿಯರು ಮೆಸೊಥೀಲಿಯೋಮ ಎಂಬ ಕ್ಯಾನ್ಸರಿಗೆ ತುತ್ತಾದ 76 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 31 ಮಂದಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಕೆಲಸ ಮಾಡಿದವರು. ಇನ್ನು 9 ಮಂದಿ ಆ ಕೆಲಸವನ್ನು ಎಂದೂ ಮಾಡಿದವರಲ್ಲ. ಅವರ ಮನೆಯವರು ಮಾಡುತ್ತಿದ್ದರು. ಆ 9 ಮಂದಿಯಲ್ಲಿ 7 ಮಂದಿ ಹೆಂಗಸರು. ಗಂಡನ ಕೆಲಸದ ಬಟ್ಟೆಯನ್ನು ಒಗೆದದ್ದೇ ಬಹುಪಾಲು ಅವರ ವೃತ್ತಾಂತವಾಗಿತ್ತು. ಬಟ್ಟೆ ಕೊಡವಿದಾಗ ಎದ್ದ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೊಕ್ಕು, ದಶಕಗಳು ಕಳೆದ ಮೇಲೆ ರೋಗವಾಗಿ ಪ್ರಕಟವಾದವು. ಕೊಂದವರಿಗೆ ಕೊಲ್ಲುವ ಸಂಕಲ್ಪವಿರಲಿಲ್ಲ. ಸತ್ತವರಿಗೆ ಕಾರಣ ತಿಳಿದಿರಲಿಲ್ಲ.

1978ರಲ್ಲಿ ಅಮೆರಿಕವು ಸೀಸದ ಕೆಲಸಕ್ಕೆ ವಿಧಿಸಿದ ನಿಯಮಗಳು, ಸೀಸದ ಧೂಳು ಮಿತಿಮೀರಿದ ಕಡೆಗಳಲ್ಲಿ, ಕೆಲಸದ ಬಟ್ಟೆಗೂ ಮನೆಯ ಬಟ್ಟೆಗೂ ಪ್ರತ್ಯೇಕ ಸ್ಥಳವಿರಬೇಕೆಂದೂ ಕೆಲಸದ ಬಟ್ಟೆಯನ್ನು ಒಗೆಸುವ ಹೊಣೆ ಒಡೆಯನದೆಂದೂ ಸ್ಪಷ್ಟಪಡಿಸಿದವು. ಭಾರತದಲ್ಲಿ 1946ರಲ್ಲಿಯೇ ಕಲ್ಲಿದ್ದಲ ಗಣಿಗಳ ಸ್ನಾನಗೃಹ ನಿಯಮಗಳು ಬಂದಿದ್ದವು. 1948ರ ಕಾರ್ಖಾನೆ ಕಾಯಿದೆಯ 43ನೆಯ ಕಲಮು, ಕೆಲಸದ ವೇಳೆ ತೊಡದ ಬಟ್ಟೆಗಳನ್ನು ಇಡಲು ಮತ್ತು ಒದ್ದೆ ಬಟ್ಟೆಗಳನ್ನು ಒಣಗಿಸಲು ಸ್ಥಳ ಕೊಡಬೇಕೆಂದು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿತು.

ಶ್ರಾವಕನ ಹೊಣೆ

ಜೈನಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲಾರನೆಂಬುದು ನಿಜ. ಆದರೆ ಈ ವಿನಾಯಿತಿಯು ಯತ್ನಾಚಾರದಿಂದ ನಡೆಯುವವನಿಗೆ ಮಾತ್ರ ಸಲ್ಲತಕ್ಕದ್ದು. ತಪ್ಪಿಸಬಹುದಾದ ಹಾನಿಯನ್ನು ತಪ್ಪಿಸದಿರುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಬೋಧಿಸಿದ್ದಾರೆ.

ಕ್ರಿಮಿನಾಶಕ ಮಾರುವ ಅಂಗಡಿ, ಮೆಣಸಿನಕಾಯಿ ಕುಟ್ಟುವ ಗಿರಣಿ, ತಂಬಾಕಿನ ಉಗ್ರಾಣ, ಬ್ಯಾಟರಿಯ ಸೀಸ ಕರಗಿಸುವ ಕಾರ್ಖಾನೆ, ಇವೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಬಸದಿಗಳ ಜೀರ್ಣೋದ್ಧಾರ ಮಾಡಿಸುವ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಯಂತ್ರದಿಂದ ಒಣಗಲ್ಲನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಶಿಲ್ಪಿಯ ಶ್ವಾಸಕೋಶವನ್ನು ಕೆಡಿಸಬಲ್ಲದು. ಅವನ ಅಂಗಿಯ ಮೇಲೆ ಕುಳಿತು ಮನೆಯವರೆಗೂ ಹೋಗಬಲ್ಲದು. ಮನೆಯಲ್ಲಿಯೇ ಬೀಡಿ ಕಟ್ಟುವ ಹೆಂಗಸರಿಗಂತೂ ಕಾರ್ಖಾನೆಯೂ ಮನೆಯೂ ಒಂದೇ ಆಗಿರುವುದರಿಂದ, ಬದಲಾಯಿಸಲು ಹೊಸ್ತಿಲೇ ಇಲ್ಲ. ಅವರ ವಿಷಯದಲ್ಲಿ ಕೆಲಸ ಕೊಡುವವನ ಹೊಣೆ ಇಮ್ಮಡಿಯಾದುದು.

ಮಾಡಬೇಕಾದದ್ದು ದೊಡ್ಡದೇನಲ್ಲ. ದುಡಿಯುವ ಪ್ರತಿಯೊಬ್ಬರಿಗೂ ಎರಡು ಕಪಾಟು, ನೀರು, ಸಾಬೂನು; ಕೆಲಸದ ಬಟ್ಟೆಯನ್ನು ಕೊಡವದೆ ಕೆಲಸದ ಸ್ಥಳದಲ್ಲಿಯೇ ಬಿಡುವ ಕ್ರಮ; ಅದನ್ನು ಪ್ರತ್ಯೇಕವಾಗಿ, ಒಗೆಯುವವರಿಗೂ ಹಾನಿ ತಟ್ಟದಂತೆ ಒಗೆಸುವ ಏರ್ಪಾಡು. ಧೂಳು ಏಳುವುದನ್ನೇ ತಡೆಯುವುದು ಮೊದಲ ಕರ್ತವ್ಯವೆಂಬುದನ್ನು ಇದರಿಂದ ಮರೆಯಕೂಡದು. ಈ ಏರ್ಪಾಡಿನ ಖರ್ಚನ್ನು ವರ್ಷಾಂತ್ಯದ ಲೆಕ್ಕದಲ್ಲಿ ದಾನದ ಬಾಬಿಗೆ ಸೇರಿಸಲಾಗದು. ಅದು ವ್ಯಾಪಾರದ ಖರ್ಚು. ಅದನ್ನು ಉಳಿಸಿ ಬಂದ ಲಾಭ, ಕಾಣದ ಒಬ್ಬ ಹೆಂಗಸು ತನ್ನ ಉಸಿರಿನಿಂದ ತೆತ್ತ ಹಣ.