ಮುಖ ನೋಡಿದರೆ ನಂಬಿಕಸ್ಥರು ಯಾರೆಂದು ಗೊತ್ತಾಗುತ್ತದೆಯೇ?

"ಮುಖ ನೋಡಿದ್ರೇ ಗೊತ್ತಾಗುತ್ತೆ, ಒಳ್ಳೆ ಮನುಷ್ಯ" ಎಂಬ ಮಾತನ್ನು ನಾವೆಲ್ಲ ಆಡಿರುತ್ತೇವೆ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿರಲಿ, ಠೇವಣಿ ಇಡಿ ಎನ್ನುವವರಿರಲಿ, ನಾವು ಮೊದಲು ಅಳೆಯುವುದು ಮುಖವನ್ನೇ. ಈ ಅಳತೆ ಎಷ್ಟು ಸರಿ?

ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು

2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅಪರಿಚಿತರ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನೋಡಿದವರು ಕೊಟ್ಟ ತೀರ್ಪು, ಬೇಕಾದಷ್ಟು ಹೊತ್ತು ನೋಡಿದವರ ತೀರ್ಪಿಗೆ ಬಹುಮಟ್ಟಿಗೆ ಹೊಂದುತ್ತಿತ್ತು. ಹೆಚ್ಚು ಹೊತ್ತು ನೋಡಿದಾಗ ಮುಖ್ಯವಾಗಿ ಹೆಚ್ಚಿದ್ದು, ತಮ್ಮ ತೀರ್ಪಿನ ಮೇಲೆ ತಮಗಿದ್ದ ವಿಶ್ವಾಸ.

ಮಿದುಳಿನಲ್ಲಿ ಏನಾಗುತ್ತದೆ?

ಮಿದುಳಿನ ಒಳಭಾಗದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. 1998ರಲ್ಲಿ ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು ಎರಡೂ ಬದಿಯ ಅಮಿಗ್ಡಲಾ ಹಾನಿಗೊಂಡಿದ್ದ ಮೂವರನ್ನು ಪರೀಕ್ಷಿಸಿದರು. ಇತರರು "ಇವರನ್ನು ನಂಬಬಾರದು" ಎಂದ ಮುಖಗಳನ್ನೂ ಈ ಮೂವರು ನಂಬಲು ಸಿದ್ಧರಿದ್ದರು.

ಎಡವುವುದು ಎಲ್ಲಿ?

ಮಿದುಳು ಓದುವುದು ಗುಣವನ್ನಲ್ಲ, ಭಾವದ ಹೋಲಿಕೆಯನ್ನು. ಸುಮ್ಮನಿದ್ದಾಗಲೂ ತುಟಿಯ ಅಂಚು ತುಸು ಮೇಲಕ್ಕಿದ್ದರೆ ಆ ಮುಖ ನಗುಮುಖದಂತೆ ಕಂಡು ನಂಬಿಕೆ ಹುಟ್ಟಿಸುತ್ತದೆ. ಹುಬ್ಬು ಕೆಳಗೆ ಬಾಗಿದ್ದರೆ ಸಿಡುಕಿನವರಂತೆ ಕಾಣುತ್ತಾರೆ. ಎಲ್ಲರ ಮಿದುಳೂ ಹೆಚ್ಚುಕಡಿಮೆ ಹೀಗೇ ಓದುವುದರಿಂದ ನಮ್ಮ ಅಭಿಪ್ರಾಯಗಳು ಒಂದಕ್ಕೊಂದು ಹೊಂದುತ್ತವೆ. ಹತ್ತು ಜನ ಒಪ್ಪಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ.

ಇದರ ಬೆಲೆ ದೊಡ್ಡದಿರಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಕೊಲೆ ಅಪರಾಧಕ್ಕೆ ಶಿಕ್ಷೆಗೊಳಗಾದವರ ಚಿತ್ರಗಳನ್ನು 2015ರ ಅಧ್ಯಯನವೊಂದು ಪರಿಶೀಲಿಸಿತು. ಜೀವಾವಧಿ ಶಿಕ್ಷೆ ಪಡೆದವರಿಗಿಂತ ಮರಣದಂಡನೆ ಪಡೆದವರ ಮುಖಗಳಿಗೆ ನಂಬಿಕೆಯ ಅಂಕ ಕಡಿಮೆ ಬಿತ್ತು. ಮುಂದೆ ನಿರಪರಾಧಿಗಳೆಂದು ಬಿಡುಗಡೆಯಾದವರಲ್ಲೂ ಇದೇ ಒಲವು ಕಂಡಿತು.

ಪರಿಚಿತ ಮುಖ, ಪರಿಚಿತ ಹೆಸರು

ಪದೇ ಪದೇ ಕಂಡದ್ದು ಹಿತವೆನಿಸುತ್ತದೆ ಎಂದು 1968ರಿಂದಲೂ ಪ್ರಯೋಗಗಳು ತೋರಿಸಿವೆ. ಅಕ್ಕಪಕ್ಕದವರೆಲ್ಲ ಪರಿಚಿತರಾಗಿರುವ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಈ ಹಿತ ಸಹಜ. ಕಷ್ಟಕ್ಕೆ ಆಗುವುದೂ ಇಂಥ ಪರಿಚಯವೇ. ಆದರೆ ಲೆಕ್ಕಪತ್ರ ನೋಡುವ ಕೆಲಸವನ್ನು ಅದು ಮಾಡಲಾರದು.

2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಒಬ್ಬ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನು ಅಲ್ಲಿಟ್ಟಿದ್ದ ಹಿರಿಯರು ಅನೇಕರು. ಬ್ಯಾಂಕೊಂದು ಕೊಟ್ಟ ಸಾಲ ಮರಳಿ ಬರುತ್ತಿದೆಯೇ ಎಂಬುದು ಕೌಂಟರಿನಾಚೆಯ ಯಾರ ಮುಖದಲ್ಲೂ ಬರೆದಿರುವುದಿಲ್ಲ.

ಈಗ ಮುಖವೇ ನಕಲಿಯಾಗಿರಬಹುದು. ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಮುಖಗಳನ್ನು ಜನರು ನಿಜವಾದ ಮುಖಗಳಿಗಿಂತ ತುಸು ಹೆಚ್ಚೇ ನಂಬುತ್ತಾರೆ ಎಂದು 2022ರ ಅಧ್ಯಯನವೊಂದು ಕಂಡುಕೊಂಡಿದೆ. ವಾಟ್ಸ್‌ಆ್ಯಪ್‌ನ ಪ್ರೊಫೈಲ್ ಚಿತ್ರ ಯಾವುದಕ್ಕೂ ಸಾಕ್ಷಿಯಲ್ಲ.

ನಾವೇನು ಮಾಡಬಹುದು?

ಮೊದಲ ಅನಿಸಿಕೆಯನ್ನು ತಡೆಯಲು ಆಗುವುದಿಲ್ಲ. ಆದರೆ ಸಹಿ ಹಾಕುವ ಮೊದಲು ಒಂದು ದಿನ ತಡೆಯಬಹುದು. ಹಣವಿಡುವಾಗ ಆ ಸಂಸ್ಥೆಗೆ ಠೇವಣಿ ವಿಮೆ ಇದೆಯೇ ಎಂದು ಕೇಳಿ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಈ ವಿಮೆಯ ಮಿತಿ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿ. ಬಾಡಿಗೆಗೆ ಬರುವವರಿಗೆ ಎಲ್ಲರಿಗೂ ಒಂದೇ ದಾಖಲೆ, ಒಂದೇ ಪ್ರಶ್ನೆ ಇರಲಿ. ಇದರಿಂದ ನಗುಮುಖದ ಮೋಸಗಾರ ಸಿಕ್ಕಿಬೀಳಬಹುದು. ಗಂಟುಮುಖದ ಪ್ರಾಮಾಣಿಕರಿಗೆ ಮನೆಯೂ ಸಿಗಬಹುದು.