ಸರ್ ಬೆನೆಗಲ್ ನರಸಿಂಗರಾವ್ (1887–1953)

ಬ್ರಹ್ಮಾವರ ತಾಲ್ಲೂಕಿನ ಬೆನೆಗಲ್ ಗ್ರಾಮದ ಹೆಸರು ಹೊತ್ತ ಮನೆತನದ ನರಸಿಂಗರಾಯರು 1887ರ ಫೆಬ್ರುವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಇವರ ಸಮಕಾಲೀನರಾಗಿದ್ದ ಜವಾಹರಲಾಲ್ ನೆಹರೂ, ತಂದೆಗೆ ಬರೆದ ಪತ್ರದಲ್ಲಿ ಇವರ ಬುದ್ಧಿಶಕ್ತಿಯನ್ನು ಪ್ರಸ್ತಾಪಿಸಿದ್ದಾರೆ. ಇವರದೇ ಒಂದು ಪತ್ರ ಅದಕ್ಕಿಂತಲೂ ಗಮನಾರ್ಹವಾದುದು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಇವರು, ತಮ್ಮನ್ನು ಮದರಾಸು ಪ್ರಾಂತಕ್ಕೆ ನಿಯೋಜಿಸಬಾರದೆಂದು ಲಂಡನ್ನಿನ ಇಂಡಿಯಾ ಕಚೇರಿಗೆ ಬರೆದರು. ಅಲ್ಲಿ ಸ್ನೇಹಿತರು, ಬಂಧುಗಳು ಹಾಗೂ ಜಮೀನು ಇರುವುದರಿಂದ ಕರ್ತವ್ಯಪಾಲನೆ ಕಷ್ಟವಾಗುವುದೆಂಬುದು ಅವರು ನೀಡಿದ ಕಾರಣ. ದಕ್ಷಿಣ ಕನ್ನಡವು ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಸ್ವಂತ ಜಿಲ್ಲೆಗೆ ವರ್ಗಾವಣೆ ಕೋರುವ ಅರ್ಜಿಗಳನ್ನೇ ಕಂಡವರಿಗೆ ಇದು ಅಪರೂಪವೆನಿಸೀತು. ಬಂಗಾಳದಲ್ಲಿ ನ್ಯಾಯಾಧೀಶರಾಗಿದ್ದು, 1925ರಿಂದ ಸುಮಾರು ಎಂಟು ವರ್ಷ ಅಸ್ಸಾಂ ಸರ್ಕಾರದ ಕಾನೂನು ಸಲಹೆಗಾರರಾಗಿ ಸೇವೆ ಸಲ್ಲಿಸಿದರು. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ನೇಮಕಗೊಂಡು, ಸಂವಿಧಾನದ ಪ್ರಥಮ ಕರಡನ್ನು ಸಿದ್ಧಪಡಿಸಿದವರು ಇವರೇ. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನ ಹೊಂದಿದರು.