ಪುಸ್ತಕದ ಗಂಟು ಹೊತ್ತವರು



ಮಗ್ಗದಿಂದ ಇಳಿದ ಸೀರೆ ತಾನಾಗಿ ನಡೆದು ಸಂತೆಗೆ ಹೋಗುವುದಿಲ್ಲ. ಇದನ್ನು ನಮ್ಮ ಕಡೆಯ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಿಸಬೇಕು, ಗಂಟು ಕಟ್ಟಬೇಕು, ಹೊರಬೇಕು, ಬಿಚ್ಚಿ ತೋರಿಸಿ ಬೆಲೆ ಹೇಳಬೇಕು. ಹತ್ತಿಯಾದರೂ ಅಷ್ಟೆ, ತೆಂಗಿನಕಾಯಿಯಾದರೂ ಅಷ್ಟೆ. ಆದರೆ ಬರೆಯುವವರ ವಿಷಯ ಬಂದಾಗ ನಾವು ಬೇರೆ ಲೆಕ್ಕ ಹಿಡಿಯುತ್ತೇವೆ. ಕವಿ ತನ್ನ ಪುಸ್ತಕವನ್ನು ತಾನೇ ಮಾರಲು ಬಂದರೆ, "ಸರಸ್ವತಿಯನ್ನು ಮಾರುವುದುಂಟೇ?" ಎಂದು ಮುಖ ತಿರುಗಿಸುತ್ತೇವೆ. ಹೀಗೆ ಮುಖ ತಿರುಗಿಸಿದವರ ಮುಂದೆಯೇ ಗಂಟು ಬಿಚ್ಚಿ ಕೂತ ಕೆಲವರ ಕಥೆಯನ್ನು ಇಂದು ಹೇಳುತ್ತೇನೆ.

ಮೊದಲನೆಯವರು ಒಂದು ರೀತಿಯಲ್ಲಿ ನಮ್ಮ ಜಿಲ್ಲೆಯವರೇ. ಇಂದು ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ, 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡವಾಗುವವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಅಲ್ಲಿಯ ರೈತನ ಕಂದಾಯದ ಲೆಕ್ಕ ಇದೇ ಕೋವೈ ಕಲೆಕ್ಟರರ ಕಚೇರಿಗೆ ಬರುತ್ತಿತ್ತು. ಆ ಕೊಳ್ಳೇಗಾಲದಲ್ಲಿ 1845ರಲ್ಲಿ ಹುಟ್ಟಿದವರು ಬಿ. ವೆಂಕಟಾಚಾರ್ಯರು. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಉದ್ಯೋಗ. ಬಂಗಾಳಿಯನ್ನು ಕಲಿಯಬೇಕೆಂದು ಮನಸ್ಸಾದಾಗ, ದೂರದ ಕಲ್ಕತ್ತೆಯ ಈಶ್ವರಚಂದ್ರ ವಿದ್ಯಾಸಾಗರರಿಗೇ ಕಾಗದ ಬರೆದರು. ಕಾಗದದ ಮೂಲಕವೇ ನೆರವು ಪಡೆದು ಭಾಷೆ ಕಲಿತರು. ಬಂಕಿಮಚಂದ್ರರ 'ದುರ್ಗೇಶನಂದಿನಿ' 1885ರಲ್ಲಿ ಅವರಿಂದ ಕನ್ನಡಕ್ಕೆ ಬಂತು. ಆಮೇಲೆ ಒಂದರ ಹಿಂದೊಂದು ಕಾದಂಬರಿ. ಕನ್ನಡದಲ್ಲಿ ಕಾದಂಬರಿ ಓದುವ ಚಟ ಹತ್ತಿಸಿದವರಲ್ಲಿ ಅವರು ಮೊದಲಿಗರು. ಅವರಿಗೆ ಸರ್ಕಾರದ ಸಂಬಳವಿತ್ತು, ಆದ್ದರಿಂದ ಪುಸ್ತಕ ಮಾರಿಯೇ ಅನ್ನ ಕಾಣಬೇಕಾದ ಸ್ಥಿತಿ ಇರಲಿಲ್ಲ. ಆ ಸ್ಥಿತಿ ಬಂದವರ ಕಥೆಯೇ ಬೇರೆ.

ಧಾರವಾಡದ ಕಡೆ ಹೋಗೋಣ. ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥ ಎಂಬ ಹಳ್ಳಿಯಿದೆ, ಈಗ ಹಾವೇರಿ ಜಿಲ್ಲೆ. ವೆಂಕಟೇಶ ತಿರಕೋ ಕುಲಕರ್ಣಿ ಎಂಬವರು 1869ರಲ್ಲಿ ಹುಟ್ಟಿದ ಊರು ಅದು. ಊರಿನ ಹೆಸರೇ ಅವರ ಹೆಸರಾಯಿತು. ಕನ್ನಡಿಗರಿಗೆ ಅವರು ಗಳಗನಾಥರು.

ಅವರ ಕಾಲದ ಪರಿಸ್ಥಿತಿಯನ್ನು ನೀವು ಬೇಗ ಅರ್ಥ ಮಾಡಿಕೊಳ್ಳುತ್ತೀರಿ, ಬೆಂಗಳೂರಿನವರಿಗಿಂತ ಬೇಗ. ಧಾರವಾಡ ಆಗ ಮುಂಬಯಿ ಆಧಿಪತ್ಯದಲ್ಲಿತ್ತು. ಮನೆಯಲ್ಲಿ ಆಡುವುದು ಕನ್ನಡ, ಓದು ಬರಹದಲ್ಲಿ ಮೇಲುಗೈ ಮರಾಠಿಯದು. ಕನ್ನಡ ಹೆತ್ತ ಮನೆಯವರೇ ರಾತ್ರಿ ದೀಪದ ಕೆಳಗೆ ಮರಾಠಿ ಕಾದಂಬರಿ ಹಿಡಿದು ಕೂರುತ್ತಿದ್ದರು. ಇಂಥವರಿಗೆ ಕನ್ನಡ ಪುಸ್ತಕ ಮಾರುವುದು ಹೇಗೆ? ಗದರಿಸಬಹುದಿತ್ತು, ಅಭಿಮಾನದ ಭಾಷಣ ಮಾಡಬಹುದಿತ್ತು. ಗಳಗನಾಥರು ಹಿಡಿದ ದಾರಿ ಅದಲ್ಲ. ಓದುಗರು ಯಾವ ಕಾದಂಬರಿಗೆ ಮನಸೋತಿದ್ದರೋ ಅಂಥದ್ದನ್ನೇ, ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನೇ, ಕನ್ನಡಕ್ಕೆ ತಂದರು. ಜೊತೆಗೆ ಸ್ವಂತದ್ದನ್ನೂ ಬರೆದರು. ವಿಜಯನಗರ ಹುಟ್ಟಿದ ಕಥೆ 'ಮಾಧವ ಕರುಣಾವಿಲಾಸ' ಅವರದು. ಓದುಗ ನಿಂತಲ್ಲಿಗೆ ತಾವೇ ಹೋಗಿ ಕೈಹಿಡಿದು ಕರೆತಂದ ಹಾಗೆ.

ಬರೆದ ಮೇಲೆ? ಶಾಲಾ ಮಾಸ್ತರಿಕೆಯಿಂದ ಬಂದ ಮನುಷ್ಯ, ಬೆನ್ನಿಗೆ ದೊಡ್ಡ ಪ್ರಕಾಶಕರಿಲ್ಲ. ತಾವೇ ಅಚ್ಚು ಹಾಕಿಸಿದರು, ತಾವೇ ಗಂಟು ಕಟ್ಟಿದರು. ತಲೆಯ ಮೇಲೆ ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರೆಂದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಹೇಳುತ್ತಾರೆ. ಕಾದಂಬರಿ ಪಿತಾಮಹ ಎಂದು ಬಿರುದು ಪಡೆದ ಮನುಷ್ಯ ಬಳೆಗಾರನಂತೆ ಜಗುಲಿ ಜಗುಲಿ ಹತ್ತಿದ್ದು! ನನಗೆ ಆ ಬಿರುದಿಗಿಂತ ಈ ಗಂಟೇ ದೊಡ್ಡದಾಗಿ ಕಾಣುತ್ತದೆ.

ಬರೀ ಕಾಲ್ನಡಿಗೆಯಲ್ಲ, ಅವರಿಗೆ ವ್ಯಾಪಾರದ ಬುದ್ಧಿಯೂ ಇತ್ತು. ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು. ಬಳಿಕ 'ಸದ್ಗುರು' ಎಂಬ ಇನ್ನೊಂದು ಪತ್ರಿಕೆ. ಪತ್ರಿಕೆಯೆಂದರೆ ಚಂದಾದಾರರ ಪಟ್ಟಿ. ಯಾವ ಊರಿನಲ್ಲಿ ಯಾರ ಮನೆಯಲ್ಲಿ ಓದುತ್ತಾರೆ ಎಂಬುದು ಗೊತ್ತಿದ್ದರೆ ಮುಂದಿನ ಪುಸ್ತಕಕ್ಕೆ ಅರ್ಧ ಗಿರಾಕಿ ಸಿಕ್ಕಿದಂತೆಯೇ. ಗಳಗನಾಥರು 1942ರಲ್ಲಿ ತೀರಿಕೊಂಡರು. ಅವರ ಕಾದಂಬರಿ ಓದಬೇಕೆಂದೇ ಕನ್ನಡ ಅಕ್ಷರ ಕಲಿತವರಿದ್ದರು ಎಂಬ ಮಾತು ಆ ಕಡೆ ಪ್ರಸಿದ್ಧ.

ಇಲ್ಲಿ ಅಂಚೆಯ ಮಾತು ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ವಿ.ಪಿ. ಅಂಚೆ 1877ರಲ್ಲಿ, ಮನಿಯಾರ್ಡರು 1880ರಲ್ಲಿ ಬಂದವು. ವಿ.ಪಿ. ಎಂದರೆ ಹಿರಿಯರಿಗೆ ನೆನಪಿರಬೇಕು: ಪೋಸ್ಟ್‌ಮ್ಯಾನ್ ಪುಸ್ತಕದ ಕಟ್ಟು ತರುತ್ತಾನೆ, ಹಣ ಎಣಿಸಿಕೊಟ್ಟರೆ ಕಟ್ಟು ಕೈಗೆ, ಇಲ್ಲವಾದರೆ ಕಟ್ಟು ವಾಪಸು. ಕೊಳ್ಳುವವನಿಗೆ ಮೋಸ ಹೋಗುವ ಭಯವಿಲ್ಲ. ಬರೆದವನಿಗೆ ಮಾತ್ರ, ಕಟ್ಟು ತಿರುಗಿ ಬಂದರೆ ಅಂಚೆ ಖರ್ಚು ನಷ್ಟ. ಆದರೂ ಪುಸ್ತಕದಂಗಡಿಯೇ ಇಲ್ಲದ ಹಳ್ಳಿಗೆ ಪುಸ್ತಕ ಮುಟ್ಟಿದ್ದು ಈ ದಾರಿಯಲ್ಲೇ.

ಈ ದಾರಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ಹೆಂಗಸರಿಗೆ. ಕೋವೈಯಿಂದ ಸತ್ಯಮಂಗಲ, ದಿಂಬಂ ಘಾಟಿ ದಾಟಿ ಮೈಸೂರಿಗೆ ಬಸ್ಸು ಹಿಡಿದರೆ ನಂಜನಗೂಡು ಸಿಗುತ್ತದಲ್ಲ, ಆ ಊರಿನವರು ತಿರುಮಲಾಂಬಾ. ಹುಟ್ಟಿದ್ದು 1887. ಎಳವೆಯಲ್ಲೇ ಮದುವೆ, ಹದಿವಯಸ್ಸಿನಲ್ಲೇ ವೈಧವ್ಯ. ಗಳಗನಾಥರಂತೆ ಗಂಟು ಹೊತ್ತು ಸಂತೆ ಸುತ್ತಲು ಆ ಕಾಲದ ವಿಧವೆಗೆ ಯಾರು ಬಿಟ್ಟಾರು? ಅವರು 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆ ಆರಂಭಿಸಿ, ತಮ್ಮ 'ಸುಶೀಲೆ' ಕಾದಂಬರಿಯನ್ನು ಅದರಲ್ಲಿ ಹೊರತಂದರು. ಕೆಲವು ವರ್ಷಗಳ ಬಳಿಕ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಒಬ್ಬರೇ. ಗ್ರಂಥಮಾಲೆಯ ಹೆಸರನ್ನೇ ನೋಡಿ. ಇದು ಯಾರಿಗಾಗಿ ಎಂದು ಬಾಗಿಲಲ್ಲೇ ಹೇಳುತ್ತದೆ. ಮನೆಯ ಹಿರಿಯರು ಬೇಡವೆನ್ನಲಾರದ ಹೆಸರು. ಹೆಣ್ಣುಮಕ್ಕಳ ಕೈಗೆ ಕಾದಂಬರಿ ಕೊಡಲು ಹೆದರುತ್ತಿದ್ದ ಮನೆಗಳಿಗೆ ಆ ಹೆಸರೇ ರಹದಾರಿ. ಇದಕ್ಕಿಂತ ಜಾಣ ಜಾಹೀರಾತು ನನಗೆ ಗೊತ್ತಿಲ್ಲ. ಹನ್ನೆರಡು ವರ್ಷಗಳ ಮೇಲೆ, 1925ರಲ್ಲಿ, ತಮಿಳಿನಲ್ಲಿ ವೈ.ಮು. ಕೋದೈನಾಯಕಿ ಅಮ್ಮಾಳ್ 'ಜಗನ್ಮೋಹಿನಿ' ಪತ್ರಿಕೆಯನ್ನು ವಹಿಸಿಕೊಂಡು ತಮ್ಮ ಕಾದಂಬರಿಗಳನ್ನು ಅದರಲ್ಲೇ ಹರಿಸಿದರು. ನಿಮ್ಮ ಅಜ್ಜಿಯರಲ್ಲಿ ಕೆಲವರು ಓದಿರಲೂಬಹುದು.

ಆದರೆ ತಿರುಮಲಾಂಬಾ ಅವರ ಕೊನೆಗಾಲ ಸುಖದ್ದಲ್ಲ. ಬರೆಯುವುದು ನಿಂತಿತು, ಕನ್ನಡ ನಾಡು ಮರೆತಿತು. ಮದರಾಸಿನಲ್ಲಿ ವಾಸವಾಗಿದ್ದು 1982ರಲ್ಲಿ ತೀರಿಕೊಂಡರು. ತಮ್ಮ ಹೆಸರನ್ನು ತಾವೇ ಹೊತ್ತು ತಿರುಗುವಷ್ಟು ದಿನ ಹೆಸರಿತ್ತು. ಇಳಿಸಿದ ಮೇಲೆ ಎತ್ತಿಕೊಳ್ಳುವವರು ಬರಲು ಬಹಳ ತಡವಾಯಿತು.

ಮುಂದಿನ ತಲೆಮಾರನ್ನು ಬೇಗ ಮುಗಿಸುತ್ತೇನೆ. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಗೆ ಜಿ.ಬಿ. ಜೋಶಿಯವರು ಓದುಗರನ್ನೇ ಚಂದಾದಾರರನ್ನಾಗಿ ಮಾಡಿ ಮುಂಗಡ ಹಣ ಪಡೆದರು; ನಮ್ಮ ಕಡೆಯ ಚೀಟಿಯ ಹಾಗೆ ಅನ್ನಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟರು. ಅ.ನ. ಕೃಷ್ಣರಾಯರು ಬರಹವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆಯಬೇಕಾಗಿ ಬಂದದ್ದೇ ಆ ಬದುಕಿನ ಬೆಲೆ. ಪುಸ್ತಕದ ಹಕ್ಕನ್ನು ಒಂದೇ ಮೊತ್ತಕ್ಕೆ ಮಾರಿಬಿಡುವುದು ಆಗ ಅನೇಕ ಲೇಖಕರಿಗೆ ಅನಿವಾರ್ಯವಾಗಿತ್ತು. ಪುಸ್ತಕ ಎಷ್ಟು ಸಲ ಅಚ್ಚಾದರೂ ಬರೆದವನ ಕೈಗೆ ಬರುವುದು ಒಂದೇ ಸಲ.

ಕೊಂಗು ನಾಡಿನ ತಮಿಳು ಬಂಧುಗಳಲ್ಲೂ ಇದೇ ಕಥೆಯಿದೆ. ಇಂದಿನ ತಿರುಪ್ಪೂರು ಜಿಲ್ಲೆ 2009ರಲ್ಲಿ ಆದದ್ದು. ಅದಕ್ಕೆ ಬಹಳ ಮುಂಚೆ ಧಾರಾಪುರ, ಕಾಂಗೇಯಂ ಸೀಮೆಯ ಮಾತನ್ನೇ ಇಟ್ಟು 'ನಾಗಮ್ಮಾಳ್' ಕಾದಂಬರಿ ಬರೆದವರು ಆರ್. ಷಣ್ಮುಗಸುಂದರಂ. ಅದು ಹೊರಬಂದದ್ದು 1942, ಗಳಗನಾಥರು ಕಣ್ಣು ಮುಚ್ಚಿದ ವರ್ಷ. ತಮ್ಮನ ಜೊತೆಗೂಡಿ ಕೋವೈಯಲ್ಲೇ ಪ್ರಕಾಶನ ನಡೆಸಿದರು, ಬಂಗಾಳಿ ಕಾದಂಬರಿಗಳನ್ನು ತಮಿಳಿಗೆ ತಂದರು. ಕೊಳ್ಳೇಗಾಲದ ವೆಂಕಟಾಚಾರ್ಯರಿಗೆ ನೆರವಾದ ಅದೇ ಬಂಗಾಳ!

ಇನ್ನು ನಮ್ಮ ವಿಷಯ. ನಮ್ಮ ದೇವಾಂಗರ ಬೀದಿಗಳಲ್ಲಿ, ಒಕ್ಕಲಿಗರ ತೋಟದ ಮನೆಗಳಲ್ಲಿ ಕನ್ನಡ ನಾಲಗೆಯ ಮೇಲಿದೆ, ಕಣ್ಣಿನಲ್ಲಿಲ್ಲ. ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. ಹೀಗಿರುವಾಗ ನಮ್ಮ ನಡುವೆ ಕಥೆ, ಪದ, ಹರಿಕಥೆ ಬರೆದಿಟ್ಟವರಿದ್ದರೆ ಅವರು ಅದನ್ನು ಯಾರಿಗೆ ತೋರಿಸಬೇಕು? ಬೆಂಗಳೂರಿನ ಪ್ರಕಾಶಕರಿಗೆ ನಮ್ಮ ಮಾತು ಒರಟು ಕನ್ನಡವೆನಿಸಬಹುದು. ಮನೆಯ ಮೊಮ್ಮಗನಿಗೆ ಅದೇ ಮಾತು ಕೇಳಿದರೆ ತಿಳಿಯುತ್ತದೆ, ಅಚ್ಚಾದರೆ ಓದಲು ಬರುವುದಿಲ್ಲ. ಕನ್ನಡವನ್ನು ತಮಿಳು ಅಕ್ಷರದಲ್ಲಿ ಅಚ್ಚು ಹಾಕಿದರೆ ಮಾನ ಹೋಗುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಸಂಕಟ ನನಗೆ ತಿಳಿಯುತ್ತದೆ, ಆದರೆ ಒಪ್ಪಲಾರೆ. ಮರಾಠಿ ಓದುವವನ ಜಗುಲಿಗೆ ಗಳಗನಾಥರು ಹತ್ತಿದ್ದರಲ್ಲವೇ? ಒಂದು ಪುಟ ಕನ್ನಡ ಅಕ್ಷರ, ಎದುರು ಪುಟದಲ್ಲಿ ಅದೇ ಮಾತು ತಮಿಳು ಅಕ್ಷರದಲ್ಲಿ ಇದ್ದರೆ, ತಮಿಳು ಬಲ್ಲ ಮಗು ಎಡಗಣ್ಣಿನಲ್ಲಿ ಕನ್ನಡವನ್ನೂ ಹಿಡಿಯುತ್ತದೆ.

ಚೌಡೇಶ್ವರಿ ಅಮ್ಮನ ಹಬ್ಬಕ್ಕೆ ಊರೂರಿನಿಂದ ಜನ ಸೇರುತ್ತಾರೆ. ಅಲಗು ಸೇವೆ ಮುಗಿದು ಊಟಕ್ಕೆ ಕಾಯುವ ಹೊತ್ತು ಉದ್ದವಾದದ್ದು. ಬರೆದವರು ಆಗ ಎರಡು ಪುಟ ಗಟ್ಟಿಯಾಗಿ ಓದಲಿ, ಪಕ್ಕದಲ್ಲಿ ಹತ್ತು ಪ್ರತಿ ಇಟ್ಟುಕೊಳ್ಳಲಿ. ಬಿಟ್ಟಿಯಾಗಿ ಹಂಚುವುದು ಬೇಡ. ಬಿಟ್ಟಿ ಬಂದ ಪುಸ್ತಕ ಅಟ್ಟ ಸೇರುತ್ತದೆ. ಹಿಂಬದಿಯ ರಟ್ಟಿನ ಮೇಲೆ ತಮ್ಮ ಹೆಸರು, ಊರು, ಬೆಲೆ ಮೂರನ್ನೂ ತಮಿಳಿನಲ್ಲೂ ಅಚ್ಚು ಹಾಕಿಸಲಿ. ನಾಲ್ಕು ಪ್ರತಿ ಇಟ್ಟುಕೊಳ್ಳಲು ಒಪ್ಪಿದ ಬಸ್‌ಸ್ಟ್ಯಾಂಡಿನ ಅಂಗಡಿಯವರಿಗೆ ಓದಲು ಬರಬೇಕಲ್ಲ.